ಗುಳ್ಳೆ ಬರಲಿಲ್ಲ, ಅದಕ್ಕೇ ಮೋಸ ಹೋದೆ

ಮೊರಬ ಇನ್ನೂ ಎರಡು ಕಿಲೋಮೀಟರ್ ಇರುವಾಗ ವ್ಯಾನ್ ಮತ್ತೆ ಆಫ್ ಆಯಿತು. ಆ ವಾರದಲ್ಲಿ ಅದು ಮೂರನೇ ಸಲ.

ಎರಡೂ ಕಡೆ ಕರಿ ಹೊಲ. ನಡುವೆ ನಾನು, ನನ್ನ ಹಳೇ ಪೆಟ್ರೋಲ್ ವ್ಯಾನ್, ಒಳಗೆ ನಾಲ್ಕು ಜನ ಅಕ್ಕೋರು. ನಮ್ಮ ಕಡೆ ಶಾಲೆಯ ಟೀಚರಮ್ಮನವರನ್ನು ಅಕ್ಕೋರು ಅಂತಲೇ ಕರೆಯುವುದು. ದಿನಾ ಅವರನ್ನು ನವಲಗುಂದದಿಂದ ಮೊರಬದ ಶಾಲೆಗೆ ಬಿಡುವುದು, ಸಂಜೆ ವಾಪಸ್ ಕರೆತರುವುದು ನನ್ನ ಕೆಲಸ.

ಮುಂದಿನ ಸೀಟಿನಲ್ಲಿ ಹಿರೇಮಠ ಅಕ್ಕೋರು ಕೂತಿದ್ದರು. ವಾಚ್ ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಈರಣ್ಣಾ, ಪ್ರಾರ್ಥನಾ ಮುಗದು ಹಾಜರಿ ತಗೊಳ್ಳೂ ಹೊತ್ತಾತು. ನೀ ಚಲೋ ಹುಡುಗ ಅದಿ, ಖರೇ. ಆದ್ರ ಸೋಮವಾರ ಮತ್ತ ಹಿಂಗಾತಂದ್ರ ನಾವು ಬಸ್ಸಿಗೇ ಹೋಗ್ತೀವಪಾ."

ಹೇಗೋ ಸ್ಟಾರ್ಟ್ ಮಾಡಿದೆ. ಹಿಂದಿನ ಸೀಟಿನಿಂದ ಇನ್ನೊಬ್ಬರು, "ಅಕ್ಕಾರ, ನಿಮ್ಮ ಸೀಟಿನ ಬುಡಕ ಏನೋ ಬುಸ್ ಅನ್ನಾಕತ್ತೈತಿ ನೋಡ್ರಿ, ಹಾವು ಗೀವು ಸಾಕ್ಯಾನೇನ ಇಂವಾ?" ಅಂದರು. ಎಲ್ಲರೂ ನಕ್ಕರು.

ನನಗೆ ನಗು ಬರಲಿಲ್ಲ... ಆ ಸೀಟಿನ ಬುಡದಲ್ಲೇ ಇಂಜಿನ್ ಇರುವುದು.

ಹತ್ತನೇ ಕ್ಲಾಸ್ ಮುಗಿಸಿದ ಮೇಲೆ ನಾನು ಎಲ್ಲೂ ನಿಂತವನಲ್ಲ. ಮೊಬೈಲ್ ಅಂಗಡಿ ನಾಲ್ಕು ತಿಂಗಳು, ಹುಬ್ಬಳ್ಳಿಯ ಗೋದಾಮು ಎರಡು ತಿಂಗಳು, ಪಂಕ್ಚರ್ ಅಂಗಡಿ ಒಂದು ವರ್ಷ. ಬೇಜಾರಾಗದೆ ಉಳಿದದ್ದು ಈ ಟ್ರಿಪ್ ಒಂದೇ. ಇದೂ ಕೈಬಿಟ್ಟರೆ ಮುಂದೇನು ಅಂತ ನನಗೇ ಗೊತ್ತಿರಲಿಲ್ಲ.

ರೋಗ ಎಲ್ಲಿದೆ ಅಂತ ಮೊದಮೊದಲು ಗೊತ್ತಿತ್ತು. ವ್ಯಾನಿನ ಹಳೇ ಮಾಲೀಕರು ಗ್ಯಾಸ್ ಕಿಟ್ ಹಾಕಿಸಿದ್ದರು, ನಾನು ಅದನ್ನು ತೆಗೆಸಿದೆ. ಆಗ ಕಾರ್ಬೊರೇಟರ್ ಕೆಳಗೆ, ಇಂಜಿನ್ನಿಗೆ ಗಾಳಿ ಹೋಗುವ ದಾರಿಯಲ್ಲಿ, ಕಿರುಬೆರಳಿಗಿಂತ ಸಣ್ಣ ಎರಡು ನಳಿಗೆಗಳು ಖಾಲಿ ಉಳಿದವು. ಮೆಕ್ಯಾನಿಕ್‌ಗಳು ವ್ಯಾಕ್ಯೂಮ್ ಪೋರ್ಟ್ ಅನ್ನುತ್ತಾರೆ. ಅವನ್ನು ಸರಿಯಾಗಿ ಮುಚ್ಚದಿದ್ದರೆ ಇಂಜಿನ್ ಒಂದೇ ಸಮ ಓಡುವುದಿಲ್ಲ, ನಿಂತಲ್ಲೇ ಆಫ್.

ಮೊದಲು ಸೈಕಲ್ ಟ್ಯೂಬಿನ ತುಂಡು ಸುತ್ತಿ ತಂತಿ ಬಿಗಿದೆ. ಎರಡೇ ವಾರದಲ್ಲಿ ಬಿಸಿಗೆ ಸೀಳಿತು. ಅಂಗಡಿಯ ರಬ್ಬರ್ ಟೋಪಿ ತಂದೆ, ಅದೂ ಒಂದು ತಿಂಗಳಿಗೆ ಬಿರುಕು.

ಕೊನೆಗೆ ನೀರಿನ ಪೈಪಿಗೆ ಹಚ್ಚುತ್ತಾರಲ್ಲ, ಎರಡು ಮುದ್ದೆ ಕಲಸಿ ಮೆತ್ತುವ ಅಂಟು, ಅದನ್ನು ಮೆತ್ತಿದೆ. ಕಲ್ಲಿನಂತಾಯಿತು. ಇನ್ನು ನಿಶ್ಚಿಂತೆ ಅಂದುಕೊಂಡೆ.

ಆದರೂ ಬುಸ್... ಆದರೂ ಆಫ್.

ಪಂಕ್ಚರ್ ಅಂಗಡಿಯ ಬುದ್ಧಿ ನೋಡಿ, ಸೋಪು ನೀರು ಕಲಸಿ, ಇಂಜಿನ್ ಚಾಲೂ ಇಟ್ಟು ಅಂಟಿನ ಮೇಲೆಲ್ಲಾ ಹಚ್ಚಿದೆ. ಒಂದೂ ಗುಳ್ಳೆ ಬರಲಿಲ್ಲ. ಗುಳ್ಳೆ ಇಲ್ಲ ಅಂದರೆ ಲೀಕ್ ಇಲ್ಲ. ಒಂದು ವರ್ಷ ದಿನಾ ಅದನ್ನೇ ಮಾಡಿದವನು ನಾನು!

ಹಾಗಾಗಿ ಪ್ಲಗ್ ಬದಲಿಸಿದೆ. ಕಾರ್ಬೊರೇಟರ್ ಬಿಚ್ಚಿ ತೊಳೆದೆ. ಪೆಟ್ರೋಲ್ ಪೈಪ್ ಹೊಸದು ಹಾಕಿದೆ. ಇಷ್ಟೆಲ್ಲಾ ಮಾಡಿದ ಮೇಲೇ ಅಕ್ಕೋರು ದಾರಿಯಲ್ಲಿ ಬಸ್ಸಿನ ಮಾತು ಎತ್ತಿದ್ದು.

ಭಾನುವಾರ ನವಲಗುಂದದಲ್ಲಿ ಲೋಹ ಕಡೆಯುವ ಲೇತ್ ಮಷೀನ್ ಇಟ್ಟಿರುವ ರಸೂಲ್ ಕಾಕಾ ಹತ್ತಿರ ವ್ಯಾನ್ ಒಯ್ದೆ. ಸೀಟ್ ಎತ್ತಿ, ಇಂಜಿನ್ ಚಾಲೂ ಮಾಡಿ, ಪೋರ್ಟ್ ಮಾತ್ರ ಸರಿ ಇದೆ, ಸೋಪು ಹಚ್ಚಿ ನೋಡಿದ್ದೇನೆ ಅಂತ ಜಂಬದಿಂದಲೇ ಹೇಳಿದೆ.

ಕಾಕಾ ನಗಲಿಕ್ಕೆ ಶುರು ಮಾಡಿದವರು ನಿಲ್ಲಿಸಲೇ ಇಲ್ಲ.

"ಲೇ ಈರ್ಯಾ, ಟ್ಯೂಬು ಹವಾ ಉಗಳತೈತಿ. ಇಂಜಿನ್ನು ಹವಾ ಕುಡೀತೈತಿ. ಎಳನೀರು ಕುಡಿಯೂ ಮುಂದ ಸ್ಟ್ರಾ ತೂತಿದ್ರ ಗುಳ್ಳಿ ಹೊರಗ ಬರ್ತಾವೇನ್ಲೇ ಹುಚ್ಚಾ?"

ಅವರು ತಾವು ಕೂರುವ ಹಳೇ ಜಮಖಾನದ ಅಂಚಿನಿಂದ ಒಂದು ಎಳೆ ನೂಲು ಕಿತ್ತು ಅಂಟಿನ ಹತ್ತಿರ ಹಿಡಿದರು. ನೂಲಿನ ತುದಿ ತಾನಾಗಿ ಬಾಗಿ, ಅಂಟಿನ ಬುಡದಲ್ಲಿದ್ದ ಕೂದಲಿನಂಥ ಸೀಳಿಗೆ ಹೋಗಿ ಕಚ್ಚಿಕೊಂಡಿತು. ನನ್ನ ಸೋಪು ನೀರನ್ನೂ ಅದೇ ಸೀಳು ಒಳಗೆ ಎಳೆದುಕೊಂಡಿತ್ತು!

"ಕಂಡ್ತೇನು?"

"ಕಂಡ್ತ್ರಿ ಕಾಕಾ."

"ಮೆತ್ತೂದು ಬಿಡು ಇನ್ನ. ಮೆತ್ತಿದ್ದು ಅಲುಗಾಡಿ ಅಲುಗಾಡಿ ಬಿಡತೈತಿ. ಬೋಲ್ಟಿನಂಗ ತಿರುವಿ ಹಾಕೂ ಬೂಚ ಹಾಕೂಣು."

ಇಂಜಿನ್ ಆರಿದ ಮೇಲೆ ಒಂದು ನಳಿಗೆಯನ್ನು ಪೂರಾ ಕಿತ್ತು, ಆ ತೂತಿಗೆ ಒಳಗಡೆ ಬೋಲ್ಟ್ ಹಿಡಿಯುವ ಸುರುಳಿ ಗೀರು, ಅಂದರೆ ಥ್ರೆಡ್, ಕೊರೆಯಲು ಕಾಕಾ ನನ್ನ ಕೈಗೇ ಟ್ಯಾಪ್ ಅನ್ನುವ ಉಕ್ಕಿನ ಕಡ್ಡಿ ಕೊಟ್ಟರು. ಲೋಹದ ಚೂರು ಒಳಗೆ ಬೀಳದೆ ಅಂಟಿಕೊಳ್ಳಲಿ ಅಂತ ಅದಕ್ಕೆ ಗ್ರೀಸ್ ಸವರಿದ್ದರು. ನಾನು ಗಡಿಬಿಡಿಯಲ್ಲಿ ತಿರುಗಿಸಿದೆ, ಕೈಮೇಲೆ ಪಟ್ ಅಂತ ಏಟು ಬಿತ್ತು.

"ಅರ್ಧಾ ಸುತ್ತು ಮುಂದ, ಪಾವ್ ಸುತ್ತು ಹಿಂದ. ಆಮ್ಯಾಲೆ ತಗದು ಒರಸು. ಚೂರು ಒಳಗ ಬಿತ್ತಂದ್ರ ಇಂಜಿನ್ನ ಹೋಗ್ತೈತಿ. ನಿನಗ ಎಲ್ಲಿಗೆ ಓಡೂದೈತಿ?"

ಒಂದು ತೂತಿಗೆ ಅಷ್ಟು ಹೊತ್ತು ನಾನು ಜೀವನದಲ್ಲಿ ಕೂತಿರಲಿಲ್ಲ. ಕೊನೆಗೆ ತಾಮ್ರದ ವಾಷರ್ ಹಾಕಿ, ಥ್ರೆಡ್ಡಿಗೆ ಸೀಲೆಂಟ್ ಹಚ್ಚಿ, ಗಿಡ್ಡ ಹಿತ್ತಾಳೆ ಬೋಲ್ಟ್ ಬಿಗಿದೆ.

ಇನ್ನೊಂದು ಪೋರ್ಟ್ ಹಿಂಬದಿಗಿತ್ತು, ಟ್ಯಾಪ್ ತಿರುಗಿಸಲು ಜಾಗವಿಲ್ಲ. ಅಂಟು ಕೆರೆದು ತೆಗೆದು, ಅದಕ್ಕೆ ಬಿಸಿ, ಪೆಟ್ರೋಲ್ ಎರಡೂ ತಡೆಯುವ ದಪ್ಪ ಪೈಪಿನ ತುಂಡು ಹಾಕಿ, ಅದರ ಬಾಯಿಗೆ ನುಣುಪಾದ ಕಬ್ಬಿಣದ ಗೂಟ ತುರುಕಿ, ಎರಡೂ ಕಡೆ ಕ್ಲಿಪ್ ಬಿಗಿದೆವು.

ಸ್ಟಾರ್ಟ್ ಮಾಡಿದೆ. ನೂಲು ಹಿಡಿದರೆ ನೆಟ್ಟಗೆ ಜೋತು ಬಿತ್ತು, ಎಲ್ಲೂ ಬಾಗಲಿಲ್ಲ.

ಸೋಮವಾರ ಮೊರಬದ ಶಾಲೆ ಮುಟ್ಟಿದಾಗ ಇನ್ನೂ ಬೆಲ್ ಆಗಿರಲಿಲ್ಲ. ಹಿರೇಮಠ ಅಕ್ಕೋರು ಸೀಟಿನಲ್ಲೇ ಕೂತು, "ಬಂದ್ ಮಾಡಿದೇನು ಗಾಡಿ?" ಅಂದರು.

"ಇಲ್ರಿ ಅಕ್ಕಾರ, ಚಾಲೂನೇ ಐತ್ರಿ."

ಒಂದು ಗಳಿಗೆ ಕಿವಿಗೊಟ್ಟು ಕೇಳಿದರು. "ಹಂಗಾದ್ರ ಸಂಜಿಕೆ ಬಾ" ಅಂತ ಇಳಿದರು.

ಅದಾಗಿ ಬೇಸಿಗೆ ಹೋಯಿತು, ಮಳೆಗಾಲವೂ ಹೋಯಿತು. ನಿಮ್ಮ ಗಾಡಿಯಲ್ಲಿ ಇಂಥ ಖಾಲಿ ಪೋರ್ಟ್ ಇದ್ದರೆ ಏನು ಹಾಕಿ ಮುಚ್ಚಿದ್ದೀರಿ, ಎಷ್ಟು ದಿನ ಬಾಳಿತು, ಕಾಮೆಂಟಿನಲ್ಲಿ ಬರೆಯಿರಿ.

ನನ್ನ ಬೋಲ್ಟ್ ಮಾತ್ರ ಇದ್ದಲ್ಲೇ ಇದೆ, ನಾನೂ ಇದ್ದ ಕೆಲಸದಲ್ಲೇ ಇದ್ದೇನೆ... ನಮ್ಮ ಅವ್ವ ಇನ್ನೂ ನಂಬುತ್ತಿಲ್ಲ.