ಮೇಡಂ ಹೇಳದ ಸುಳ್ಳು

ಸಿಟ್ಟು ಬಂದರೆ ನಮ್ಮ ಮೇಡಂಗೆ ಎಡಗಿವಿ ಮಾತ್ರ ಕೆಂಪಗಾಗುತ್ತಿತ್ತು. ಹಿಂದೂಪುರದ ಕಾಲೇಜಿನಲ್ಲಿ ಅವರು ನಮಗೆ ಜೀವಶಾಸ್ತ್ರ ಹೇಳಿಕೊಡುತ್ತಿದ್ದರು. ಆ ಕಿವಿ ನೋಡಿಯೇ ನಾವು ಬೆಂಚಿನ ಮೇಲೆ ನೆಟ್ಟಗೆ ಕೂರುತ್ತಿದ್ದೆವು. ಮಾತು ಕನ್ನಡ, ಪಾಠ ಇಂಗ್ಲಿಷ್, ಬೈಗುಳ ಮಾತ್ರ ತೆಲುಗು: “ಬುದ್ಧುಂದಾ ನೀಕು?” ಬುದ್ಧಿ ಇದೆಯಾ ನಿನಗೆ ಅಂತ.

ಅಂಡಾಣು ಅಂದರೆ ಖಾಲಿ ಮಡಕೆ ಇದ್ದ ಹಾಗೆ ಎಂದು ಒಬ್ಬ ಹುಡುಗ ಉತ್ತರ ಹೇಳಿದ್ದಕ್ಕೆ ಒಂದು ದಿನ ಹೇಗೆ ಕೆರಳಿದರು ಅಂತೀರಿ! “ಖಾಲೀನಾ? ಮಗು ಶುರುವಾಗೋಕೆ ಬೇಕಾದ ಸಂದೇಶಗಳನ್ನೆಲ್ಲ ತಾಯಿ ಮೊದಲೇ ಅದರಲ್ಲಿ ತುಂಬಿಟ್ಟಿರ್ತಾಳೆ ಕಣ್ಲಾ. ಆರ್‌ಎನ್‌ಎ ಅನ್ನೋದು ಅದನ್ನೇ. ಉಪ್ಪಿನಕಾಯಿ ಭರಣಿ ಬಾಯಿಗೆ ಬಟ್ಟೆ ಕಟ್ಟಿದಂಗೆ ಅವುಗಳ ಮೇಲೆ ಪ್ರೋಟೀನು ಕೂತಿರ್ತವೆ. ಯಾವುದನ್ನ ಯಾವಾಗ ಬಿಚ್ಚಬೇಕು, ಯಾವುದನ್ನ ಚೆಲ್ಲಬೇಕು, ಎಲ್ಲ ಅವುಗಳದ್ದೇ ಕಾರುಬಾರು. ಮೊದಮೊದಲು ಭ್ರೂಣ ಬದುಕೋದೇ ಆ ಭರಣಿಗಳ ಮೇಲೆ.”

ಆ ಪಾಠ ಬಂದು ನನ್ನ ಸಂಸಾರಕ್ಕೇ ಬಡಿಯುತ್ತದೆಂದು ಯಾರಿಗೆ ಗೊತ್ತಿತ್ತು!

ನನ್ನನ್ನು ಕಲ್ಯಾಣದುರ್ಗದ ವ್ಯಾಪಾರಸ್ಥರ ಮನೆಗೆ ಕೊಟ್ಟರು. ಮಕ್ಕಳಾಗಲಿಲ್ಲ. ಆಸ್ಪತ್ರೆಯಲ್ಲಿ ಎರಡು ಸಲ ನನ್ನ ಅಂಡಾಣು ತೆಗೆದು ಲ್ಯಾಬಿನಲ್ಲಿ ಭ್ರೂಣ ಮಾಡಿದರು. ಎರಡು ಸಲವೂ ಅದು ನಾಲ್ಕು ಕೋಶಕ್ಕೇ ನಿಂತುಹೋಯಿತು. ನನ್ನನ್ನು ತವರಿಗೆ ಅಟ್ಟಿ ಮಗನಿಗೆ ಇನ್ನೊಂದು ಮದುವೆ ಮಾಡುವ ಮಾತು ತೆಗೆದರು ಅತ್ತೆ. ನಾನು ಮೇಡಂಗೆ ಫೋನ್ ಮಾಡಿ ಗೋಗರೆದೆ: “ಬಂದು ಒಂದೇ ಒಂದು ಸುಳ್ಳು ಹೇಳಿ ಮೇಡಂ. ತೊಂದರೆ ನನ್ನ ಮೊಟ್ಟೇದಲ್ಲ ಅನ್ನಿ.”

ಬಂದರು. ಹಜಾರದಲ್ಲಿ ಕೂತು ಅದೇ ಭರಣಿ, ಅದೇ ಬಟ್ಟೆ, ಎಲ್ಲ ಬಿಡಿಸಿ ಹೇಳಿದರು. “ಕಟ್ಟಿದ್ದು ಹೊತ್ತಿಗೆ ಸರಿಯಾಗಿ ಬಿಚ್ಚಿಕೊಳ್ಳದೆ ಹೋಗಿರ್ಬೋದು. ತೊಂದರೆ ಮೊಟ್ಟೆಯಲ್ಲೇ ಇರ್ಬೋದು. ಅದು ಇವಳ ತಪ್ಪಲ್ಲ. ಅದನ್ನ ಯಾವ ಹೆಂಗಸೂ ಕೈಯಾರೆ ಕಟ್ಟಲ್ಲ.”

“ನಾನು ಹೇಳ್ಲಿಲ್ವಾ? ಇವಳದ್ದೇ ಅಂತ ಮೇಡಮ್ಮೇ ಹೇಳ್ಬುಟ್ರು ಕಣಪ್ಪ!” ಎಂದು ಅತ್ತೆ ಮಗನ ಕಡೆ ತಿರುಗಿದರು. ಉಳಿದರ್ಧ ಮಾತು ಅವರಿಗೆ ಬೇಕಾಗಿರಲಿಲ್ಲ.

ಮೇಡಂ ಎಡಗಿವಿ ಕೆಂಡವಾಯಿತು. “ಬುದ್ಧುಂದಾ ಮೀಕು?” ಎಂದು ಅತ್ತೆಗೆ ಒದರಿದವರೇ ನನ್ನ ಗಂಡನನ್ನು ಕೇಳಿದರು: “ಮಗು ವಿಷಯ ಬಿಡು. ಇವಳು ಬೇಕಾ ನಿನಗೆ?”

ಅವನು ಅಮ್ಮನ ಮುಖ ನೋಡಿದ. ಥೂ! ಬರೆಯುವಾಗ ಈಗಲೂ ಮೈ ಉರಿಯುತ್ತದೆ.

“ಏಳಮ್ಮ, ಬಟ್ಟೆಬರೆ ತುಂಬ್ಕೋ. ಹೋಗಾನ,” ಎಂದರು ಮೇಡಂ.

ಬಸ್ಸಿನಲ್ಲಿ ಅವರ ಮೇಲೆ ಹರಿಹಾಯ್ದೆ. “ಒಂದು ಸುಳ್ಳು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ನನ್ನ ಮನೆ ಮುರಿದ್ರಿ!”

ಅವತ್ತು ತಿರುಗಿ ಬೈಯಲಿಲ್ಲ. “ಸುಳ್ಳು ಹೇಳಿದ್ದಿದ್ರೆ ನೀನು ಮತ್ತೆ ಮತ್ತೆ ಸೂಜಿ ಚುಚ್ಚಿಸ್ಕೋತಿದ್ದೆ. ಅವನು ಆಗ್ಲೂ ಅಮ್ಮನ ಮುಖಾನೇ ನೋಡ್ತಿದ್ದ,” ಎಂದರು.

ತಮ್ಮ ಮನೆಯಲ್ಲೇ ಇಟ್ಟುಕೊಂಡು, ಬೈದು ಬೈದು ಎಂ.ಎಸ್ಸಿ. ಓದಿಸಿದರು. ಅದೇ ಪಾಠ ಈಗ ನಾನು ಮಾಡುತ್ತೇನೆ. ಆದರೂ ಅವರ ಮೇಲಿನ ಸಿಟ್ಟು ಪೂರ್ತಿ ಇಳಿಯಲಿಲ್ಲ. ನಾನು ಬಾಯಿಬಿಟ್ಟು ಕೇಳಿದ್ದು ಒಂದೇ, ಅದನ್ನು ಕೊಡಲಿಲ್ಲವಲ್ಲ.

ಹೋದ ವರ್ಷ ತೀರಿಕೊಂಡರು. ನಡುಮನೆಯಲ್ಲಿ ಮಲಗಿಸಿದ್ದರು. ಪಕ್ಕದಲ್ಲಿ ಕೂತು ಎಡಗಿವಿ ಮುಟ್ಟಿ ನೋಡಿದೆ. ತಣ್ಣಗಿತ್ತು.

“ಹಿಂಗೆ ಹೋಗ್ಬುಟ್ರೆ ಯಾರ ಮೇಲೆ ರೇಗ್ಲಿ ನಾನು?” ಎಂದು ಬಂದವರೆಲ್ಲರ ಎದುರು ಅವರ ಮೇಲೆ ಕೂಗಾಡಿದೆ. “ಬೈರಿ ಮೇಡಂ. ಒಂದು ಸಲ ಬೈರಿ.”