ಎಣ್ಣೆ ಡಬ್ಬಿಯ ವೋಟುಗಳು

ನನಗೆ ಆಕೆಯ ಮೇಲೆ ಹೊಟ್ಟೆಕಿಚ್ಚಿತ್ತು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಇಲ್ಲದಿದ್ದರೆ ಮುಂದಿನದನ್ನು ಓದಿದವರು ನಾನೇನೋ ನ್ಯಾಯ, ನೀತಿ ಅಂತ ಜಗಳಕ್ಕೆ ನಿಂತಿದ್ದೆ ಅಂದುಕೊಂಡಾರು. ನ್ಯಾಯವೂ ಇಲ್ಲ, ನೀತಿಯೂ ಇಲ್ಲ, ಬರೀ ಹೊಟ್ಟೆಯುರಿ.

ನಮ್ಮದು ಆಳಂದ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ, ಖಜೂರಿಗೆ ಹೋಗುವ ರಸ್ತೆಯ ಪಕ್ಕದ್ದು. ನಾನು ಅಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಜೇವರ್ಗಿ ಕಡೆ ಆರು ವರ್ಷ, ಅಫಜಲಪುರ ಕಡೆ ಏಳು ವರ್ಷ ಬಸ್ಸಿನ ಧೂಳು ಕುಡಿದು, ಕೊನೆಗೆ ಸ್ವಂತ ತಾಲ್ಲೂಕಿಗೆ ವರ್ಗ ಮಾಡಿಸಿಕೊಂಡು ಬಂದವಳು. ಹೋದಲ್ಲೆಲ್ಲ ಪೌರನೀತಿ ಅಂದರೆ ನಾನೇ. ನನ್ನ ನೋಟ್ಸು ಬಾಯಿಪಾಠ ಮಾಡಿದ ಮಕ್ಕಳು ಮೂಲಭೂತ ಹಕ್ಕುಗಳ ಪ್ರಶ್ನೆಯಲ್ಲಿ ಅಂಕ ಕಳೆದುಕೊಂಡದ್ದನ್ನು ನಾನು ಕಂಡಿಲ್ಲ. ಬೋರ್ಡಿನ ಮೇಲೆ ಪ್ರಶ್ನೆ ಬರೆಯುವುದು, ಕೆಳಗೆ ಉತ್ತರ ಬರೆಯುವುದು, ತಪ್ಪಿದವರಿಗೆ ಹತ್ತು ಸಲ ಬರೆಸುವುದು. ಹಕ್ಕು ಅಂದರೇನು ಅಂತ ಎಬ್ಬಿಸಿ ಕೇಳಿದರೆ ಹಿಂದಿನ ಬೆಂಚಿನವನೂ ಗಡಗಡ ಒದರಬೇಕು. ಅದು ನನ್ನ ಪದ್ಧತಿ.

ಹೋದ ವರ್ಷ ಅತಿಥಿ ಶಿಕ್ಷಕಿ ಅಂತ ಒಬ್ಬಳು ಬಂದಳು. ಆಳಂದದ ಮುಸ್ಲಿಂ ಮನೆತನದ ಹುಡುಗಿ, ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಹಳೇ ಸ್ಕೂಟಿಯ ಮೇಲೆ ಬರುತ್ತಿದ್ದಳು. ಹೆಡ್‌ಮಾಸ್ತರರು ನನ್ನ ಭಾರ ಇಳಿಸುತ್ತೇನೆ ಅಂತ ಒಂಬತ್ತನೆಯ ತರಗತಿಯ ಪೌರನೀತಿಯನ್ನು ಎತ್ತಿ ಆಕೆಯ ಕೈಗೆ ಕೊಟ್ಟರು. ಆ ತರಗತಿಯಲ್ಲಿ ನನಗೆ ಇತಿಹಾಸ, ಭೂಗೋಳ ಉಳಿದವು. ಭಾರ ಇಳಿಸಿರಿ ಅಂತ ನಾನೇನು ಅರ್ಜಿ ಹಾಕಿದ್ದೆನೇ?

ವಾರ ಕಳೆಯುವುದರೊಳಗೆ ಮಕ್ಕಳು ಆಕೆಯನ್ನು ‘ಸಣ್ಣ ಟೀಚರ್’ ಅಂದರು. ಆಗ ತಂತಾನೇ ನಾನು ‘ದೊಡ್ಡ ಟೀಚರ್’ ಆದೆ. ಅದು ಮರ್ಯಾದೆಯ ದೊಡ್ಡದಲ್ಲ, ವಯಸ್ಸಿನ ದೊಡ್ಡದು ಅಂತ ತಿಳಿಯದಷ್ಟು ದಡ್ಡಿ ನಾನಲ್ಲ.

ಆಕೆಯ ಪೀರಿಯಡ್ಡಿನಲ್ಲಿ ನಗು ಕೇಳಿಸುತ್ತಿತ್ತು. ಪೌರನೀತಿಯಲ್ಲಿ ನಗುವಂಥದ್ದು ಏನಿದೆ ರೀ? ಒಂದು ದಿನ ನೋಟಿಸ್ ಬೋರ್ಡ್ ಓದುವವಳ ಹಾಗೆ ಹೊರಗೆ ನಿಂತು ಕೇಳಿದೆ. “ಖಜೂರಿ ದಾಟಿ ಮಹಾರಾಷ್ಟ್ರಕ್ಕ ಹೋದ್ರ ಏನೇನ್ ಬದಲಾಗ್ತದ, ಹೇಳ್ರಿ ನೋಡೂಣು?” ಅಂತ ಕೇಳುತ್ತಿದ್ದಳು. ಬೋರ್ಡಿನ ಮೇಲಿನ ಅಕ್ಷರ ಅಂದರು, ಬಸ್ಸಿನ ಬಣ್ಣ ಅಂದರು, ಅತ್ತೆ ಅಲ್ಲೇ ಇರುವ ಒಬ್ಬಳು ಪಲ್ಯದ ರುಚಿ ಅಂದಳು. “ಮತ್ತ ಏನ್ ಬದಲಾಗಂಗಿಲ್ಲ?” ಅಂದಳು. ಒಬ್ಬ ಲಾರಿ ಡ್ರೈವರನ ಮಗಳು ಎದ್ದು, “ನಮ್ಮಪ್ಪಂದು ಲಾರಿ ಪೊಲೀಸ್ರು ಎಲ್ಲೇ ನಿಲ್ಲಿಸಿದ್ರೂ, ಯಾಕ ನಿಲ್ಲಿಸೀರಿ ಅಂತ ಕೇಳೋ ಹಕ್ಕು ಬದಲಾಗಂಗಿಲ್ರಿ,” ಅಂದಳು.

ನನ್ನ ಕ್ಲಾಸಿನಲ್ಲಿ ವರ್ಷವಿಡೀ ಬಾಯಿ ತೆರೆಯದ ಹುಡುಗಿ ಅದು.

ಮರುದಿನ ಹತ್ತನೆಯವರಿಗೆ ನಾನೂ ಕೇಳಿ ನೋಡಿದೆ: “ದೇಶ ಅಂದ್ರ ಏನು? ನಿಮ್ಮ ಮಾತಿನಾಗ ಹೇಳ್ರಿ.” ಎಲ್ಲರೂ ನೋಟ್‌ಬುಕ್ ತೆಗೆದು ನನ್ನದೇ ಉತ್ತರ ಓದಿದರು. ನನ್ನ ಮಾತನ್ನು ನನಗೇ ತಿರುಗಿ ಉಗುಳಿದರು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ, ಈಕೆಯ ಆಟ ಎಷ್ಟು ದಿನ ನೋಡೋಣ ಅಂತ ಸ್ಟಾಫ್ ರೂಮಿನಲ್ಲಿ ಅಂದೆ. ಆಕೆ ಅಲ್ಲೇ ಕೂತಿದ್ದಳು. ತಲೆ ತಗ್ಗಿಸಿ, “ಖರೇ ಅದ್ರಿ ಅಕ್ಕಾರ, ನನಗ ಇನ್ನ ಭಾಳ ಕಲಿಯೋದದ,” ಅಂದಳು. ಜಗಳ ಆಡಿದ್ದರೆ ಎಷ್ಟು ಹಗುರಾಗುತ್ತಿತ್ತು!

ಆಮೇಲೆ ಶಾಲಾ ಸಂಸತ್ತಿನ ಚುನಾವಣೆ ಬಂತು. ಪ್ರತಿವರ್ಷ ಮಕ್ಕಳೊಳಗೇ ಒಬ್ಬ ಪ್ರಧಾನಿ, ನಾಲ್ಕು ಮಂದಿ ಮಂತ್ರಿ ಆಗುತ್ತಾರೆ. ಹತ್ತನೆಯವರಿಗೆ ಪರೀಕ್ಷೆಯ ಗಡಿಬಿಡಿ ಅಂತ ಒಂಬತ್ತನೆಯವರನ್ನೇ ಪ್ರಧಾನಿ ಮಾಡುವುದು ರೂಢಿ. ಇಷ್ಟು ವರ್ಷ ನಾನೇ ಒಬ್ಬರ ಹೆಸರು ಹೇಳುತ್ತಿದ್ದೆ, ಮಕ್ಕಳು ಕೈ ಎತ್ತುತ್ತಿದ್ದರು, ಐದು ನಿಮಿಷದಲ್ಲಿ ದೇಶಕ್ಕೆ ಸರ್ಕಾರ. ಸಣ್ಣ ಟೀಚರ್ ಬಂದು, “ಗುಪ್ತ ಮತದಾನ ಮಾಡೂಣ್ರಿ. ಪಾಠದಾಗ ಅದ, ಒಮ್ಮೆ ಕೈಲೆ ಮಾಡಿದ್ರ ಮರೆಯಂಗಿಲ್ಲ,” ಅಂದಳು. ಹೆಡ್‌ಮಾಸ್ತರರಿಗೆ ಕುಣಿದಾಡುವಷ್ಟು ಖುಷಿ.

ನಿಂತವರು ಇಬ್ಬರು. ಒಬ್ಬಳು ನಾನು ನಿಲ್ಲಿಸಿದ ಕಿರಾಣಿ ಅಂಗಡಿಯವರ ಮಗಳು. ಎಂಟನೆಯ ತರಗತಿಯಿಂದ ನನ್ನ ನೆರಳಿನ ಹಾಗೆ ಇದ್ದವಳು. ನನ್ನ ಚೀಲ ಹಿಡಿಯುವುದು, ಬೋರ್ಡ್ ಒರೆಸುವುದು, ಮನೆಯಲ್ಲಿ ಹೋಳಿಗೆ ಮಾಡಿದರೆ ನನಗೊಂದು ಕಟ್ಟಿಕೊಂಡು ಬರುವುದು. ಅವಳ ಅಕ್ಷರ ತಿದ್ದಿ ತಿದ್ದಿ ಮುತ್ತು ಮಾಡಿದವಳು ನಾನು. ಮಕ್ಕಳಿಲ್ಲದ ನನಗೆ ಅವಳು ಏನಾಗಿದ್ದಳು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಎದುರಿಗೆ ನಿಂತವಳು ಅದೇ ಲಾರಿ ಡ್ರೈವರನ ಮಗಳು.

ನನ್ನ ಹುಡುಗಿಯ ಭಾಷಣ ನಾನೇ ಬರೆದುಕೊಟ್ಟೆ: ಶಿಸ್ತು, ಸ್ವಚ್ಛತೆ, ಸಮಯಪಾಲನೆ. ಒಂದಕ್ಷರ ತಪ್ಪದೆ ಒಪ್ಪಿಸಿದಳು. ಡ್ರೈವರನ ಮಗಳು ಎದ್ದು, “ಹುಡುಗ್ಯಾರ ಪಾಯಖಾನಿ ಬಾಗಲಕ್ಕ ಚಿಲಕ ಇಲ್ಲ. ಒಬ್ಬಾಕಿ ಒಳಗ ಹೋದ್ರ ಇನ್ನೊಬ್ಬಾಕಿ ಹೊರಗ ಬಾಗಲಾ ಹಿಡ್ಕೊಂಡ ನಿಂದ್ರಬೇಕು. ನಾ ಗೆದ್ರ ಚಿಲಕ ಬರೋತನಕ ಹೆಡ್‌ಮಾಸ್ತರ್ ರೂಮಿನ ಮುಂದ ದಿನಾ ನಿಂದರ್ತೇನಿ,” ಅಂದು ಕೂತುಬಿಟ್ಟಳು. ಇಷ್ಟೇ ಭಾಷಣ. ಟೀಚರುಗಳ ಪಾಯಖಾನೆಗೆ ಬೀಗವಿದೆ, ಕೀಲಿ ನನ್ನ ಚೀಲದಲ್ಲೇ ಇರುತ್ತದೆ. ಆ ಚಿಲಕದ ಮಾತು ಇಷ್ಟು ವರ್ಷ ಹೆಣ್ಣಾದ ನನ್ನ ಬಾಯಿಂದ ಯಾಕೆ ಬರಲಿಲ್ಲ ಅಂತ ಆಗ ಯೋಚಿಸಲಿಲ್ಲ. ಸಣ್ಣ ಟೀಚರ್ ಹೇಳಿಕೊಟ್ಟಿರಬೇಕು ಅಂತ ಹಲ್ಲು ಕಡಿದೆ, ಅಷ್ಟೆ.

ಬಿಸಿಯೂಟದ ಖಾಲಿ ಎಣ್ಣೆ ಡಬ್ಬಿಯೇ ಮತಪೆಟ್ಟಿಗೆಯಾಯಿತು. ಮೂಲೆಯಲ್ಲಿ ಜಮಖಾನೆ ಇಳಿಬಿಟ್ಟು ಮರೆ ಮಾಡಿದರು. ಹೆಸರು ಅಚ್ಚು ಹಾಕಿಸಿ ತರುತ್ತೇನೆ ಅಂತ ಸಣ್ಣ ಟೀಚರ್ ಅಂದಾಗ, “ಇಷ್ಟಕ್ಕ ಅದೆಲ್ಲಾ ಯಾಕ? ಹಾಳಿ ಹರದು ಕೊಡ್ರಿ, ಹೆಸರು ಬರೀತಾರ,” ಅಂದವಳು ನಾನು. ಎಣಿಸುವ ಅಧಿಕಾರಿಯೂ ನಾನೇ ಆದೆ. ಹಿರಿಯಳಲ್ಲವೇ?

ನಮ್ಮ ಕಸುಬಿನವರಿಗೆ ಒಂದು ರೋಗವಿದೆ. ವರ್ಷಗಟ್ಟಲೆ ನೋಟ್‌ಬುಕ್ ತಿದ್ದಿದವರಿಗೆ ಅಕ್ಷರ ಕಂಡರೆ ಸಾಕು, ಮುಖ ಕಾಣುತ್ತದೆ. ಮೊದಲ ಚೀಟಿ ಬಿಚ್ಚಿದಾಗಲೇ ಯಾರದೆಂದು ತಿಳಿಯಿತು, ಎರಡನೆಯದೂ ಹಾಗೆಯೇ. ಬೇಡವೆಂದರೂ ತಿಳಿಯುತ್ತಿತ್ತು ಅಂತ ಹೇಳಿಕೊಳ್ಳಬಹುದು, ಆದರೆ ಸುಳ್ಳು ಯಾಕೆ? ನನಗೆ ಬೇಕಾಗಿತ್ತು. ಯಾರು ನನ್ನವರು, ಯಾರು ಆಕೆಯವರು ಅಂತ ಒಂದೊಂದೇ ಚೀಟಿಯಲ್ಲಿ ಹುಡುಕುತ್ತಿದ್ದೆ. ನಾನು ಹೆಸರು ಓದುತ್ತಿದ್ದೆ, ಸಣ್ಣ ಟೀಚರ್ ಬೋರ್ಡಿನ ಮೇಲೆ ಗೆರೆ ಎಳೆಯುತ್ತಿದ್ದಳು. ತೊಂಬತ್ತು ಚಿಲ್ಲರೆ ಮಕ್ಕಳು ನೆಲದ ಮೇಲೆ, ಹೆಡ್‌ಮಾಸ್ತರರು ಪಕ್ಕದ ಕುರ್ಚಿಯಲ್ಲಿ ಕೂತಿದ್ದರು.

ಅರ್ಧ ಡಬ್ಬಿ ಮುಗಿದಿತ್ತು, ಆ ಚೀಟಿ ಬಂತು. ಮುತ್ತಿನಂಥ ಅಕ್ಷರ, ನಾನೇ ತಿದ್ದಿದ್ದು. ಬರೆದದ್ದು ಡ್ರೈವರನ ಮಗಳ ಹೆಸರು. ನನ್ನ ಹುಡುಗಿ ತನ್ನ ವೋಟನ್ನು ತನಗೇ ಹಾಕಿಕೊಂಡಿರಲಿಲ್ಲ.

ಓದಿದೆ. ಮುಂದಿನವನ್ನೂ ಓದಿದೆ. ಏನು ಓದಿದೆನೋ ನನಗೆ ನೆನಪಿಲ್ಲ. ಡ್ರೈವರನ ಮಗಳು ಹನ್ನೊಂದು ವೋಟಿನಿಂದ ಗೆದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಹುಡುಗಿಯೂ ಮುಖ ಅರಳಿಸಿ ತಟ್ಟತೊಡಗಿದಳು. ನನಗೆ ಅಲ್ಲಿಗೆ ತಡೆಯಲಾಗಲಿಲ್ಲ.

“ಚಪ್ಪಾಳಿ ಬ್ಯಾರೆ ಹೊಡೀತಿ ಏನ್ ಬೇ? ಆಕಿಗೇ ವೋಟ್ ಹಾಕಿ, ಈಗ ಚಪ್ಪಾಳಿನೂ ಹೊಡೀತೀ? ನಾಚಿಕಿ ಬರಂಗಿಲ್ಲಾ?”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಚಪ್ಪಾಳೆ ತಟ್ಟನೆ ನಿಂತಿತು. ಹುಡುಗಿ ಎದ್ದು ನಿಂತಳು, ಕೈಗಳು ಇನ್ನೂ ಎದೆಯ ಮುಂದೆಯೇ ಇದ್ದವು. ಎಂಟನೆಯ ಒಬ್ಬ ಹುಡುಗ ಪಕ್ಕದವನಿಗೆ, “ಟೀಚರಿಗೆ ಹೆಂಗ ಗೊತ್ತಾತಲೇ?” ಅಂದ. ಪಕ್ಕದವನು, “ಅಕ್ಷರ ನೋಡಿ,” ಅಂದ. ಅದು ಬೆಂಕಿಯ ಹಾಗೆ ಸಾಲಿನಿಂದ ಸಾಲಿಗೆ ಹೋಯಿತು. ಒಬ್ಬೊಬ್ಬರೂ ತಾವು ಬರೆದದ್ದನ್ನು ನೆನಪಿಸಿಕೊಂಡು ನನ್ನ ಮುಖ ನೋಡತೊಡಗಿದರು.

ಅಷ್ಟಾದರೂ ನಾನು ಬಿಡಲಿಲ್ಲ. “ಯಾಕ ಹಾಕಿದಿ? ಹೇಳು. ಎಲ್ಲಾರ ಮುಂದ ಹೇಳು,” ಅಂದೆ.

ಹುಡುಗಿ ಬಾಯಿ ತೆರೆದಳು. ಅಷ್ಟರಲ್ಲಿ ಸಣ್ಣ ಟೀಚರ್ ಚಾಕ್‌ಪೀಸ್ ಕೆಳಗಿಟ್ಟು, “ಹೇಳಬ್ಯಾಡವ್ವಾ. ಹೇಳಬೇಕಂತ ಕಾಯ್ದೆ ಇಲ್ಲ,” ಅಂದಳು. ಮೆಲ್ಲಗೇ ಅಂದಳು. ಹುಡುಗಿ ಒಮ್ಮೆ ನನ್ನನ್ನು, ಒಮ್ಮೆ ಆಕೆಯನ್ನು ನೋಡಿ ಬಾಯಿ ಮುಚ್ಚಿದಳು. ಎರಡು ವರ್ಷ ನಾನು ಏನು ಕೇಳಿದರೂ ಉತ್ತರ ಕೊಟ್ಟ ಹುಡುಗಿ, ಆಕೆಯ ಒಂದು ಮಾತಿಗೆ ನನ್ನೆದುರು ಬಾಯಿ ಮುಚ್ಚಿದಳು. ಅಬ್ಬಾ, ಆ ಉರಿ!

ಗೆದ್ದವಳು ಎದ್ದು ನಿಂತಳು. “ಸರ್, ಈ ಎಲೆಕ್ಷನ್ ಬರಾಬರ್ ಆಗಲಿಲ್ರಿ. ಮತ್ತೊಮ್ಮೆ ಹಾಕೂಣ್ರಿ.”

“ನೀ ಗೆದ್ದೀಯಲ್ಲ?” ಅಂದರು ಹೆಡ್‌ಮಾಸ್ತರರು.

“ಗೆದ್ದೇನ್ರಿ. ಆದ್ರ ಯಾರ್ ಯಾರಿಗೆ ಹಾಕ್ಯಾರ ಅಂತ ಟೀಚರಿಗೆ ಗೊತ್ತಾಗೇದ. ನಾಳಿಂದ ನನಗ ಹಾಕಿದವ್ರು ಅಂಜಬೇಕಾಗ್ತದ್ರಿ.”

ನನ್ನನ್ನು ಕಂಡು ಅಂಜಬೇಕಾಗುತ್ತದೆಯಂತೆ! ಸಾಲು ಸಾಲಾಗಿ ಮುಖ ನೋಡಿದೆ. ಯಾರೂ ಇಲ್ಲ ಅನ್ನಲಿಲ್ಲ. ನನ್ನ ಹತ್ತನೆಯವರೂ ಅನ್ನಲಿಲ್ಲ.

ಹೆಡ್‌ಮಾಸ್ತರರು ಒಪ್ಪಿ, ಆಗಲೇ ಮತ್ತೊಮ್ಮೆ ಹಾಳೆ ಹರಿಸಿದರು. ನಾನು ಮೆಲ್ಲಗೆ ಹೊರಗೆ ಹೊರಟಿದ್ದೆ. ಸಣ್ಣ ಟೀಚರ್ ಬಾಗಿಲಲ್ಲಿ ಅಡ್ಡ ಬಂದಳು.

“ಈಗೂ ನೀವೇ ಓದ್ರಿ, ಅಕ್ಕಾರ.”

“ಇಷ್ಟ ಆದ ಮ್ಯಾಲೂ? ನನ್ನ ಮಾನ ಕಳೀಬೇಕಂತ ಮಾಡೀ ಏನ್?”

“ಬ್ಯಾರೆಯವ್ರು ಓದಿದ್ರ ಹುಡುಗ್ರು ನಿಮ್ಮನ್ನ ಕಾಯಂ ನಂಬಂಗಿಲ್ರಿ. ನೀವ್ ಓದ್ರಿ. ಬರೀ ಹೆಸರು ಓದ್ರಿ, ಅಷ್ಟ.”

ಅಷ್ಟು ದೊಡ್ಡ ಮನಸ್ಸು ಆ ವಯಸ್ಸಿಗೆ ಎಲ್ಲಿಂದ ಬಂತೋ! ಅದಕ್ಕೂ ನನಗೆ ಹೊಟ್ಟೆಕಿಚ್ಚೇ ಆಯಿತು. ಆದರೂ ಒಳಗೆ ಬಂದು ಡಬ್ಬಿಯ ಮುಂದೆ ಕೂತೆ. ಆಕೆಯ ಮಾತು ಖರೇ ಅಂತ ನನಗೆ ಗೊತ್ತಿತ್ತು. ಆ ಮಕ್ಕಳ ನಂಬಿಕೆ ಹೋದರೆ ನನ್ನ ಹತ್ತಿರ ಉಳಿಯುವುದು ನೋಟ್ಸು ಮಾತ್ರ.

ಎಲ್ಲರೂ ಜಮಖಾನೆಯ ಮರೆಗೆ ಹೋಗಿ ಬಂದ ಮೇಲೆ ಮೊದಲ ಚೀಟಿ ಬಿಚ್ಚಿದೆ. ಅಕ್ಷರ ಒಂದನೆಯ ತರಗತಿಯ ಕೂಸು ಬರೆದ ಹಾಗೆ ಸೊಟ್ಟ, ತಲಕಟ್ಟು ಒಂದು ಕಡೆ, ಕೊಂಬು ಇನ್ನೊಂದು ಕಡೆ. ಯಾರದೆಂದು ತಿಳಿಯಲಿಲ್ಲ. ಎರಡನೆಯದೂ ಹಾಗೇ. ಐದು, ಹತ್ತು, ಇಪ್ಪತ್ತು ಬಿಚ್ಚಿದರೂ ಎಲ್ಲ ಸೊಟ್ಟ, ಎಲ್ಲ ಗುಂಡು ಗುಂಡು, ಒಂದರಂತೆ ಇನ್ನೊಂದು. ಆಗ ಹೊಳೆಯಿತು: ಎಲ್ಲರೂ ಎಡಗೈಯಿಂದ ಬರೆದಿದ್ದರು. ಸಣ್ಣ ಟೀಚರ್ ಕಡೆ ನೋಡಿದೆ. ಆಕೆಯೂ ನನ್ನ ಕೈಯಲ್ಲಿದ್ದ ಚೀಟಿಯನ್ನು ಬೆರಗಿನಿಂದ ನೋಡುತ್ತಿದ್ದಳು. ಆಕೆ ಹೇಳಿಕೊಟ್ಟದ್ದಲ್ಲ. ಸಾಲಿನಲ್ಲಿ ನಿಂತಾಗ ಮಕ್ಕಳೇ ಒಬ್ಬರ ಕಿವಿಯಲ್ಲಿ ಒಬ್ಬರು ಹೇಳಿಕೊಂಡದ್ದು.

ಹದಿಮೂರು ವರ್ಷ ಬೇರೆ ತಾಲ್ಲೂಕುಗಳಲ್ಲಿ, ಆಮೇಲೆ ಇಲ್ಲಿ, ಗುಪ್ತ ಮತದಾನ ಯಾಕೆ ಬೇಕು ಅಂತ ಐದು ಅಂಶಗಳಲ್ಲಿ ಬರೆಸಿದ್ದೇನೆ. ಆ ಐದರಲ್ಲಿ ಮತದಾರನನ್ನು ಟೀಚರಿಂದ ಕಾಪಾಡುವುದು ಅಂತ ಒಂದು ಇರಲಿಲ್ಲ. ಮಕ್ಕಳು ತಾವೇ ಅದನ್ನು ಕಲಿತರು. ಕಲಿಸಿದವಳು ನಾನು, ಹೀಗೆ.

ಓದುತ್ತಾ ಹೋದೆ. ಕೊನೆಗೆ ನಾಲ್ಕೈದು ಉಳಿದಿದ್ದವು. ಒಂದನ್ನು ಬಿಚ್ಚಿದರೆ, ಮುತ್ತಿನಂಥ ಅಕ್ಷರ. ಅವಳದೇ. ತೊಂಬತ್ತು ಜನ ಬಚ್ಚಿಟ್ಟುಕೊಂಡಾಗ ಅವಳೊಬ್ಬಳು ಬಲಗೈಯಿಂದ, ನಾನು ತಿದ್ದಿದ ಅಕ್ಷರದಲ್ಲೇ, ಸಾವಕಾಶವಾಗಿ ಬರೆದಿದ್ದಳು. ಅದೇ ಡ್ರೈವರನ ಮಗಳ ಹೆಸರು.

ಕಣ್ಣು ಎತ್ತಿದರೆ ಅವಳು ಸಿಕ್ಕುತ್ತಿದ್ದಳು, ಎರಡನೆಯ ಸಾಲಿನಲ್ಲೇ ಕೂತಿದ್ದಳು. ನಾನು ಕಣ್ಣೆತ್ತಲಿಲ್ಲ. ಉಳಿದ ಚೀಟಿಗಳನ್ನು ಓದಿದ ದನಿಯಲ್ಲೇ ಅದನ್ನೂ ಓದಿದೆ, ಮಡಚಿ ಉಳಿದವುಗಳ ಜೊತೆ ಸೇರಿಸಿದೆ. ಬೋರ್ಡಿನ ಮೇಲೆ ಇನ್ನೊಂದು ಗೆರೆ ಬಿತ್ತು. ಡ್ರೈವರನ ಮಗಳು ಈ ಸಲ ಮೂವತ್ತೊಂದು ವೋಟಿನಿಂದ ಗೆದ್ದಳು.

ಗಂಟೆ ಬಾರಿಸಿ ಎಲ್ಲರೂ ಹೋದ ಮೇಲೆ ಡಬ್ಬಿ ಎತ್ತಿಡುತ್ತಿದ್ದೆ. ನನ್ನ ಹುಡುಗಿ ಬಾಗಿಲ ಹತ್ತಿರ ನಿಂತಿದ್ದಳು. ನನ್ನ ಚೀಲ ಹಿಡಿಯಲು ಬಂದವಳಲ್ಲ.

“ಟೀಚರ್, ನನ್ನ ಚೀಟಿ ನೋಡಿದ್ರೇನ್ರಿ?”

ನೋಡಿದೆ ಅನ್ನಬೇಕು ಅನ್ನಿಸಿತು. ಯಾಕವ್ವಾ, ನಾನೇನು ಕಡಿಮೆ ಮಾಡಿದ್ದೆ ಅಂತ ಕೇಳಬೇಕು ಅನ್ನಿಸಿತು. ಡಬ್ಬಿಯನ್ನು ಕಪಾಟಿನ ಮೇಲಿಟ್ಟೆ.

“ತೊಂಬತ್ತ ಚೀಟಿ ಓದೇನಿ. ಯಾವುದು ಯಾರದೋ, ನನಗ ಹೆಂಗ ಗೊತ್ತಾಗಬೇಕ ಬೇ?”

ಅವಳು ತನ್ನ ಚೀಲ ಹೆಗಲಿಗೇರಿಸಿದಳು.

“ಗೊತ್ತಾಗಬಾರದ್ರಿ, ಟೀಚರ್,” ಅಂದು, ಸ್ಕೂಟಿಯ ಹತ್ತಿರ ನಿಂತಿದ್ದ ಸಣ್ಣ ಟೀಚರ್ ಕಡೆಗೆ ಹೋದಳು.