ಅವ್ವನ ರಸಬಾಳೆಯ ಗಾಯ

ಹಲ್ಲಿ ಲೊಚಗುಟ್ಟಿದರೆ ‘ಕೃಷ್ಣ ಕೃಷ್ಣ’ ಎಂದು ನೆಲ ಕುಟ್ಟುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವ ಜಾತಿಯವಳು ನಾನು. ಅಂಥವಳೇ ಇದನ್ನು ಬರೆಯುತ್ತಿದ್ದೇನೆ; ನಂಬಲೇಬೇಕೆಂಬ ಒತ್ತಾಯವಿಲ್ಲ.

ಆಗ ಮೈಸೂರಿನ ಲ್ಯಾಬೊಂದರಲ್ಲಿ ನಂಜನಗೂಡು ರಸಬಾಳೆಯ ಸೊರಗು ರೋಗದ ಮೇಲೆ ಸಂಶೋಧನೆ ಮಾಡುತ್ತಿದ್ದೆ. ನಮ್ಮ ಸಾಧನ ಡಿಎನ್‌ಎ ಮೈಕ್ರೊಅರೇ. ಪುಟ್ಟ ಗಾಜಿನ ಮೇಲೆ ಸಾವಿರಾರು ಚುಕ್ಕಿ, ಒಂದೊಂದು ಚುಕ್ಕಿ ಒಂದೊಂದು ಜೀನಿಗೆ. ಎಲೆ ಕೊಯ್ದ ಗಳಿಗೆಯಲ್ಲಿ ಯಾವ ಜೀನ್ ದುಡಿಯುತ್ತಿತ್ತೋ ಅದರ ಚುಕ್ಕಿ ಸ್ಕ್ಯಾನರ್‌ನಲ್ಲಿ ಬೆಳಗುತ್ತದೆ.

ಹೋಲಿಕೆಗೆ ರೋಗವಿಲ್ಲದ ಗಿಡವೂ ಬೇಕಲ್ಲ, ಅದಕ್ಕೆ ತಿ. ನರಸೀಪುರದ ಹತ್ತಿರ ಹೆಮ್ಮಿಗೆಯಲ್ಲಿರುವ ಗಂಡನ ಮನೆಯ ಹಿತ್ತಲಿನ ಬಾಳೆಯನ್ನೇ ಆರಿಸಿಕೊಂಡಿದ್ದೆ. ನನ್ನ ಮದುವೆಯಲ್ಲಿ ಅವ್ವ ಮಡಿಲಕ್ಕಿಯ ಜೊತೆಗೆ ನಂಜನಗೂಡಿನ ತವರಿನ ಬಾಳೆಯ ಬುಡದಲ್ಲಿ ಒಡೆದಿದ್ದ ಕಂದು ಕಿತ್ತು ಕೊಟ್ಟಿದ್ದಳು; ಹಿತ್ತಲಲ್ಲಿ ನೆಟ್ಟದ್ದು ಅದನ್ನೇ. ಬಾಳೆ ಬೀಜದಿಂದ ಹುಟ್ಟುವುದಲ್ಲ. ಕಂದು ಬೇರೆ ಊರು ಸೇರಿದರೂ ಅದೇ ಗಿಡ. ಅವ್ವ ತೀರಿಕೊಂಡ ಮೇಲೆ ಅವಳ ಕೈಯದೆಂದು ಜೀವಂತ ಉಳಿದದ್ದು ಈ ಎರಡು ಬುಡ, ತವರಿನಲ್ಲೊಂದು, ಹೆಮ್ಮಿಗೆಯಲ್ಲೊಂದು.

ಒಂದು ಭಾನುವಾರ ಬೆಳಿಗ್ಗೆ ಹೆಮ್ಮಿಗೆಯಲ್ಲಿ ಎಲೆ ಕೊಯ್ದು, ಆ ಗಳಿಗೆ ಹಾಗೇ ಹೆಪ್ಪುಗಟ್ಟಲೆಂದು ಕೂಡಲೇ ದ್ರವ ಸಾರಜನಕದಲ್ಲಿ ಮುಳುಗಿಸಿ ತಂದೆ. ವಾರದ ನಡುವೆ ಸ್ಕ್ಯಾನ್ ಮಾಡಿ ನೋಡಿದರೆ, ಗಿಡಕ್ಕೆ ಏಟು ಬಿದ್ದಾಗ ಎಚ್ಚರಗೊಳ್ಳುವ ಜೀನುಗಳೆಲ್ಲ ಉರಿಯುತ್ತಿದ್ದವು. ಗಿಡದ ಮೇಲೆ ಒಂದು ಗೀರೂ ಇರಲಿಲ್ಲ. ಉಳಿದ ಎಲೆಯಲ್ಲಿ ಇನ್ನೊಮ್ಮೆ ಮಾಡಿದೆ, ಅದೇ.

“ಎಲೆ ಕೊಯ್ದದ್ದೂ ಗಾಯವೇ ಅಲ್ಲವೇನಮ್ಮ?” ಎಂದರು ನಮ್ಮ ಗೈಡ್. ಹಿಂದೆಲ್ಲ ಹಾಗೇ ಕೊಯ್ದ ಎಲೆಗಳು ತೆಪ್ಪಗಿದ್ದವಲ್ಲ ಸಾರ್ ಎಂದೆ.

ಅಂದು ಸಂಜೆ ತವರಿನಿಂದ ತಮ್ಮನ ಫೋನ್.

“ಅವ್ವನ್ ಬಾಳೆಗೂ ಸೊರಗು ಬಂದ್ಬುಡ್ತು ಕಣಕ್ಕ. ಭಾನ್ವಾರ ಬುಡಸಮೇತ ಕಡ್ದು ಸುಟ್ಬುಟ್ಟೆ. ನಿಂಗೆ ಏಳಕ್ಕೆ ಬಾಯೇ ಬರ್ನಿಲ್ಲ.”

“ಎಷ್ಟೊತ್ನಲ್ಲಿ ಕಡ್ದೆಯೋ?”

“ಬೆಳಗ್ಗೇನೆ, ಎಳೆಬಿಸ್ಲಲ್ಲಿ. ಯಾಕಕ್ಕ?”

ನಾನು ಎಲೆ ಕೊಯ್ದದ್ದೂ ಅದೇ ಭಾನುವಾರ, ಎಳೆಬಿಸಿಲಲ್ಲೇ.

ಮುಂದಿನ ಭಾನುವಾರ ಮತ್ತೆ ಹೆಮ್ಮಿಗೆಗೆ ಹೋಗಿ ಎಲೆ ಕೊಯ್ದು ತಂದೆ. ಸಂಶೋಧನೆಗಲ್ಲ, ಆಸೆಗೆ. ಇನ್ನೊಂದೇ ಸಲ ಬೆಳಗಿದರೆ ಅವ್ವ ಎಲ್ಲೋ ಇದ್ದಾಳೆ ಎಂದುಕೊಳ್ಳಬಹುದಿತ್ತು. ಗಾಯದ ಚುಕ್ಕಿಗಳೆಲ್ಲ ಕಪ್ಪಗಿದ್ದವು.

ಆ ಗಿಡಕ್ಕೆ ಇಂದಿನವರೆಗೂ ರೋಗ ತಗುಲಿಲ್ಲ. ಆ ಮೊದಲ ಭಾನುವಾರ ಅದಕ್ಕೇನಾಗಿತ್ತೆಂದು ಈಗಲೂ ನನಗೆ ತಿಳಿಯದು. ಗಿಡ ನೆಮ್ಮದಿಯಾಗಿದೆ ಎಂದು ನಾನು ಸಂತೋಷಪಡಬೇಕಿತ್ತು. ಅವ್ವ ಹೋದ ದಿನ ಅಳದಿದ್ದವಳು, ಆ ದಿನ ಕಪ್ಪು ಚುಕ್ಕಿಗಳ ಪರದೆಯ ಮುಂದೆ ಕೂತು ಬಿಕ್ಕಿ ಬಿಕ್ಕಿ ಅತ್ತೆ.